ಚೀನಾದ ಮಹಾ ಕಾಲುವೆ: ಇದರ ನೀರು ಯಾವ ಕಡೆಗೆ ಹರಿಯುತ್ತೆ?

ದೂರದೂರಿನವ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೀತಿರೋ ಒಂದು ಪ್ರಶ್ನೆ, ಇಲ್ಲಿ ನೀರಾವರಿ ಗೊತ್ತಿರೋರು ಇದ್ದಾರೆ ಅಂತ ಹಾಕ್ತಿದ್ದೀನಿ.

2019ರಲ್ಲಿ ಕೆಲಸದ ಮೇಲೆ ಹಾಂಗ್‌ಝೌನಲ್ಲಿ ಒಂದೂವರೆ ವರ್ಷ ಇದ್ದೆ. ಭಾನುವಾರ ಹೊತ್ತು ಹೋಗದಿದ್ದಾಗ ಗೊಂಗ್‌ಚೆನ್ ಸೇತುವೆ ಹತ್ತಿರ ಹೋಗಿ ಕೂರ್ತಿದ್ದೆ. ಮೂರು ಕಮಾನಿನ ಹಳೇ ಕಲ್ಲು ಸೇತುವೆ. ಅದರ ಕೆಳಗೆ ಮರಳು ತುಂಬಿದ ಸರಕು ದೋಣಿಗಳು ಒಂದರ ಹಿಂದೆ ಒಂದು. ಭಾರಕ್ಕೆ ಅಂಚು ನೀರಿನ ಮಟ್ಟಕ್ಕೆ ಬಂದಿರ್ತಿತ್ತು, ಇನ್ನೊಂದು ಬುಟ್ಟಿ ಮರಳು ಹಾಕಿದ್ರೆ ಮುಳುಗೇ ಹೋಗುತ್ತೇನೋ ಅನ್ನೋ ಹಾಗೆ. ಹಿಂದುಗಡೆ ಕೋಣೇಲಿ ಸಂಸಾರ: ಹಗ್ಗದ ಮೇಲೆ ಒಗೆದ ಬಟ್ಟೆ, ಕುಂಡದಲ್ಲಿ ಈರುಳ್ಳಿ ಗಿಡ, ಬೊಗಳೋ ನಾಯಿ. ಇದೇ ಬೀಜಿಂಗ್-ಹಾಂಗ್‌ಝೌ ಮಹಾ ಕಾಲುವೆ, ಉದ್ದ 1,794 ಕಿ.ಮೀ. ಅಂತ ಫಲಕದಲ್ಲಿತ್ತು.

ಪ್ರಶ್ನೆ ಇಷ್ಟೆ. ನೀರು ಹರಿಯೋದು ಉತ್ತರಕ್ಕೋ ದಕ್ಷಿಣಕ್ಕೋ? ಆಫೀಸಿನ ಗೆಳೆಯನನ್ನ ಕೇಳಿದೆ. "ಎರಡೂ ಕಡೆಗೆ" ಅಂದು ನಕ್ಕ. ತಮಾಷೆ ಮಾಡಿದ್ನೋ ನಿಜ ಹೇಳಿದ್ನೋ ಇವತ್ತಿಗೂ ಗೊತ್ತಿಲ್ಲ.

ಹೂಳು:
ಇದು ಚೀನಾದ ಮೊದಲ ಚಕ್ರವರ್ತಿ ಶಿ ಹುವಾಂಗ್ ಕಟ್ಟಿಸಿದ್ದಲ್ವಾ? 1987ರಲ್ಲಿ ಯುನೆಸ್ಕೊ ಪಟ್ಟಿಗೂ ಬಂತು.

ಹೈಸ್ಕೂಲ್_ಮೇಡಂ:
@ಹೂಳು, ಒಂದೇ ಸಾಲಲ್ಲಿ ಎರಡು ತಪ್ಪು! 1987 ಮಹಾ ಗೋಡೆಗೆ. ಕಾಲುವೆ ಪಟ್ಟಿ ಸೇರಿದ್ದು 2014ರಲ್ಲಿ. ಇನ್ನು ಶಿ ಹುವಾಂಗ್ ಕಾಲದ್ದು ಲಿಂಗ್‌ಚು ಅನ್ನೋ ಬೇರೆ ಕಾಲುವೆ, ಕ್ರಿ.ಪೂ. 214ರದ್ದು, ದಕ್ಷಿಣದ ಗುವಾಂಗ್‌ಶಿಯಲ್ಲಿದೆ. ಬರೀ 36 ಕಿ.ಮೀ. ಉದ್ದ. ಆದರೆ ಬೇರೆ ಬೇರೆ ದಿಕ್ಕಿಗೆ ಹೋಗೋ ಶಿಯಾಂಗ್, ಲಿ ಅನ್ನೋ ಎರಡು ನದಿಗಳನ್ನ ಜೋಡಿಸುತ್ತೆ. ಅದಕ್ಕೇ ಪ್ರತ್ಯೇಕವಾಗಿ ಒಂದು ಚರ್ಚೆ ಮಾಡಬಹುದು.

ನಿವೃತ್ತ_ಎಇಇ:
@ದೂರದೂರಿನವ, ನಿಮ್ಮ ಗೆಳೆಯ ತಮಾಷೆ ಮಾಡಿಲ್ಲ. ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ.

ಚೀನಾದ ದೊಡ್ಡ ನದಿಗಳು ಪಶ್ಚಿಮದಿಂದ ಪೂರ್ವಕ್ಕೆ ಹೋಗಿ ಸಮುದ್ರ ಸೇರ್ತವೆ. ಈ ಕಾಲುವೆ ಉತ್ತರ-ದಕ್ಷಿಣವಾಗಿ ಅವನ್ನೆಲ್ಲ ಅಡ್ಡ ಹಾಯುತ್ತೆ: ಹಾಯ್, ಹಳದಿ ನದಿ, ಹುವಾಯ್, ಯಾಂಗ್‌ತ್ಸೆ, ಚಿಯಾನ್‌ತಾಂಗ್, ಐದು ಕಣಿವೆ. ನಮ್ಮ ನಾಲೆಗಳ ಥರ ಒಂದು ಅಣೆಕಟ್ಟಿನ ತೂಬಿಂದ ಹೊರಟು ಇಳಿಜಾರಲ್ಲಿ ಸೊಂಯ್ ಅಂತ ಹರಿದು ಕೊನೇಭಾಗ ಮುಟ್ಟೋ ಕಾಲುವೆ ಅಲ್ಲ ಇದು. ಬೇರೆ ಬೇರೆ ಕಾಲದಲ್ಲಿ ತೋಡಿದ ತುಂಡುಗಳನ್ನ ನದಿ, ಕೆರೆ ಜೊತೆ ಹೊಲಿದು ಮಾಡಿರೋ ಕೌದಿ. ಒಂದೊಂದು ತುಂಡಿನ ನೀರಿಗೂ ಒಂದೊಂದು ದಿಕ್ಕು.

ಹಾಂಗ್‌ಝೌ ಕಡೆ ನೆಲ ಚಪ್ಪಟೆ, ತೊಂದರೆ ಏನಿಲ್ಲ. ಮಧ್ಯೆ ಶಾಂಡೊಂಗ್ ಪ್ರಾಂತ್ಯದಲ್ಲಿ ನೆಲಕ್ಕೊಂದು ಗೂನು ಇದೆ. ಯಾಂಗ್‌ತ್ಸೆ ಮಟ್ಟಕ್ಕಿಂತ ಸುಮಾರು 40 ಮೀಟರ್ ಎತ್ತರ. ಕಾಲುವೆ ಆ ಗೂನು ಹತ್ತಿ ಇಳೀಬೇಕು.

ಹೂಳು:
ನೀರು ಗುಡ್ಡ ಹತ್ತುತ್ತಾ ಸಾರ್?

ನಿವೃತ್ತ_ಎಇಇ:
ಹತ್ತಲ್ಲ. ಕತೆ ಇರೋದೇ ಅಲ್ಲಿ. ಆದರೆ ಅದು ಉದ್ದ, ರಾತ್ರಿ ಊಟ ಆದ್ಮೇಲೆ ಬರೀತೀನಿ.

ಕೊನೇಭಾಗದ_ರೈತ:
ಅಷ್ಟರಲ್ಲಿ ನಂದೊಂದು ಪ್ರಶ್ನೆ. 1,800 ಕಿ.ಮೀ. ಕಾಲುವೆ ಅಂದ್ರೆ ಎಷ್ಟು ಲಕ್ಷ ಎಕರೆಗೆ ನೀರು ಕೊಡುತ್ತೆ?

ಹೈಸ್ಕೂಲ್_ಮೇಡಂ:
ಅಣ್ಣ, ಇದನ್ನ ತೋಡಿದ್ದು ನೀರಾವರಿಗಲ್ಲ. ನೀರು ಸಾಗಿಸೋಕಲ್ಲ, ಅಕ್ಕಿ ಸಾಗಿಸೋಕೆ.

ಮೊದಲ ತುಂಡು ಕ್ರಿ.ಪೂ. 486ರದ್ದು. ವು ರಾಜ್ಯದ ದೊರೆ ಫುಚಾಯ್ ಉತ್ತರದ ಮೇಲೆ ದಂಡೆತ್ತಿ ಹೋಗಬೇಕು, ಸೈನ್ಯಕ್ಕೆ ಕಾಳು ಕಡಿ ಹೋಗಬೇಕು. ಅದಕ್ಕೆ ಯಾಂಗ್‌ತ್ಸೆ ಮತ್ತು ಹುವಾಯ್ ನದಿಗಳನ್ನ ಈಗಿನ ಯಾಂಗ್‌ಝೌ ಬಳಿಯಿಂದ ಜೋಡಿಸಿದ. ಅದರ ಹೆಸರು ಹಾನ್‌ಗೌ.

ಆಮೇಲೆ ಸಾವಿರ ವರ್ಷ ಬಿಟ್ಟು ಬಂದವನು ಸುಯ್ ವಂಶದ ಯಾಂಗ್ ಚಕ್ರವರ್ತಿ. ಇವನದ್ದು ಆತುರ. 605ರಲ್ಲಿ ಲುವೊಯಾಂಗ್‌ನಿಂದ ಹುವಾಯ್‌ವರೆಗೆ ತೋಂಗ್‌ಜಿ ಕಾಲುವೆ, 608ರಲ್ಲಿ ಈಗಿನ ಬೀಜಿಂಗ್ ಕಡೆಗೆ ಯೋಂಗ್‌ಜಿ ಕಾಲುವೆ, 610ರಲ್ಲಿ ಯಾಂಗ್‌ತ್ಸೆಯಿಂದ ಹಾಂಗ್‌ಝೌವರೆಗೆ. ಐದೇ ವರ್ಷ! ಹಳೇ ಕಾಲುವೆಗಳನ್ನೂ ನದಿಪಾತ್ರಗಳನ್ನೂ ಬಳಸಿಕೊಂಡ ಅನ್ನೋದು ನಿಜ. ಆದರೂ ತೋಂಗ್‌ಜಿ ಒಂದಕ್ಕೇ ಹತ್ತು ಲಕ್ಷಕ್ಕೂ ಮೇಲ್ಪಟ್ಟು ಜನರನ್ನ ಬಿಟ್ಟಿ ಚಾಕರಿಗೆ ಎಳೆದರು ಅಂತ ಚರಿತ್ರೆಕಾರರು ಬರೆದಿದ್ದಾರೆ. ಯೋಂಗ್‌ಜಿ ಹೊತ್ತಿಗೆ ಗಂಡಸರು ಸಾಲದೆ ಹೆಂಗಸರನ್ನೂ ಎಳೆದು ತಂದರು.

ಹೂಳು:
ಎಲ್ಲಾ ಅವನ ಮೋಜಿಗೆ ಅಲ್ವಾ ಮೇಡಂ? ಡ್ರ್ಯಾಗನ್ ದೋಣೀಲಿ ಕೂತು ಹೂವು ನೋಡೋಕೆ ಹೋದ ಅಂತ ಓದಿದ್ದೆ.

ಹೈಸ್ಕೂಲ್_ಮೇಡಂ:
ದೋಣಿ ಇದ್ದದ್ದು ಸುಳ್ಳಲ್ಲ. ದಡದ ಮೇಲೆ ಸಾವಿರಾರು ಜನ ಹಗ್ಗ ಹಿಡಿದು ಎಳೀಬೇಕಿತ್ತು. ಆದರೆ ಮೋಜಿಗೇ ತೋಡಿಸಿದ ಅನ್ನೋದು ಆಮೇಲೆ ಬಂದ ತಾಂಗ್ ವಂಶದವರಿಗೆ ಒಗ್ಗುವಂಥ ಮಾತು. ದಕ್ಷಿಣದಲ್ಲಿ ಅಕ್ಕಿ, ಉತ್ತರದಲ್ಲಿ ರಾಜಧಾನಿ ಮತ್ತು ಗಡಿ ಸೈನ್ಯ, ಯಾರೇ ಆಳಿದ್ರೂ ಈ ಲೆಕ್ಕ ತಪ್ಪುತ್ತಿರಲಿಲ್ಲ. ಯೋಂಗ್‌ಜಿ ತೋಡಿದ್ದೇ ಕೊರಿಯಾದ ಗೊಗುರ್ಯೊ ರಾಜ್ಯದ ಮೇಲಿನ ಯುದ್ಧಕ್ಕೆ. ಆ ಯುದ್ಧಗಳಲ್ಲಿ ಸೋತ, ಜನ ದಂಗೆ ಎದ್ದರು. 618ರಲ್ಲಿ ಇದೇ ಕಾಲುವೆ ದಡದ ಯಾಂಗ್‌ಝೌನಲ್ಲಿ ಅವನ ಕಾವಲಿನವರೇ ಕೊಂದರು. 2013ರಲ್ಲಿ ಅಲ್ಲಿ ಕಟ್ಟಡ ಕಟ್ಟೋ ಜಾಗದಲ್ಲಿ ಅವನ ಸಮಾಧಿ ಸಿಕ್ಕಿತು. ಇಟ್ಟಿಗೆಯ ಚಿಕ್ಕ ಗೋರಿ, ಚಕ್ರವರ್ತಿಯದು ಅಂತ ನಂಬೋದೇ ಕಷ್ಟ.

ತಾಂಗ್ ಕಾಲದ ಕವಿ ಪಿ ರಿಶಿಯು ಇದೇ ವಿಷಯದ ಮೇಲೆ ನಾಲ್ಕು ಸಾಲು ಬರೆದಿದ್ದಾನೆ. ಸುಯ್ ವಂಶ ಅಳಿದದ್ದು ಈ ಹೊಳೆಯಿಂದ ಅಂತಾರೆ, ಇವತ್ತಿಗೂ ಸಾವಿರ ಹರದಾರಿಯ ಸಾಗಾಟ ನಿಂತಿರೋದು ಇದರ ಮೇಲೇ. ಆ ಡ್ರ್ಯಾಗನ್ ದೋಣಿ ಒಂದು ಇಲ್ಲದಿದ್ರೆ ಪ್ರವಾಹ ಪಳಗಿಸಿದ ಪುರಾಣದ ಯು ರಾಜನ ಪಕ್ಕ ಇವನನ್ನೂ ಕೂರಿಸಬಹುದಿತ್ತು ಅನ್ನೋ ಅರ್ಥದ್ದು. ಪಾಠ ಮಾಡುವಾಗ ಮಕ್ಕಳಿಗೆ ಇದನ್ನೇ ಕೊಟ್ಟು ಜಗಳ ಹಚ್ತೀನಿ.

ನೀರುಗಂಟಿ_ಮೊಮ್ಮಗ:
ಆ ಹತ್ತು ಲಕ್ಷ ಜನರಲ್ಲಿ ಸತ್ತವರನ್ನ ಕೇಳಿದ್ರೆ ಕವಿಯ ಥರ ತೂಗಿ ನೋಡ್ತಿರಲಿಲ್ಲ ಮೇಡಂ. ದೋಣಿ ಇರಲಿ ಬಿಡಲಿ.

ಹೈಸ್ಕೂಲ್_ಮೇಡಂ:
ಒಪ್ಪಿದೆ. ನನ್ನ ಕ್ಲಾಸಲ್ಲೂ ಹಿಂದಿನ ಬೆಂಚಿಂದ ಈ ಮಾತು ಬಂದೇ ಬರುತ್ತೆ.

ನಿವೃತ್ತ_ಎಇಇ:
ಊಟ ಆಯ್ತು. ಈಗ ಗೂನಿನ ಕತೆ.

ಸುಯ್ ಕಾಲದ ಕಾಲುವೆ ಪಶ್ಚಿಮಕ್ಕೆ ಲುವೊಯಾಂಗ್ ಕಡೆ ಸುತ್ತಿ ಹೋಗ್ತಿತ್ತು. ಮಂಗೋಲರು ಬಂದು ಬೀಜಿಂಗನ್ನ ರಾಜಧಾನಿ ಮಾಡಿಕೊಂಡ ಮೇಲೆ ಅಷ್ಟು ಸುತ್ತು ಯಾಕೆ ಅಂತ ನೇರವಾಗಿ ಶಾಂಡೊಂಗ್ ಮೇಲೇ ತೋಡಿದರು. 1289ರಲ್ಲಿ ಹುಯ್‌ತೋಂಗ್ ಕಾಲುವೆ ಆಯ್ತು. ಸಾವಿರಾರು ಮೈಲಿ ದೂರದ ಸಾಮ್ರಾಜ್ಯ ಗೆದ್ದವರು ಇಲ್ಲೊಂದು ಲೆವೆಲ್ಲಿನ ತಪ್ಪು ಮಾಡಿದರು. ಬೆಟ್ಟದ ಕಡೆಯ ನದಿ ನೀರನ್ನ ತಂದು ಕಾಲುವೆಗೆ ಬಿಟ್ಟ ಜಾಗ ಜಿನಿಂಗ್. ಗೂನಿನ ನೆತ್ತಿ ಇರೋದು ಅದರ ಉತ್ತರಕ್ಕೆ, ನಾನ್‌ವಾಂಗ್ ಅನ್ನೋ ಊರಲ್ಲಿ. ನೆತ್ತಿ ಬಿಟ್ಟು ಹೆಗಲಿಗೆ ನೀರು ಹೊಯ್ದರೆ ತಲೆ ನೆನೆಯುತ್ತಾ? ದಕ್ಷಿಣಕ್ಕೆ ನೀರು ಇಳೀತು, ಉತ್ತರಕ್ಕೆ ಹೋಗಲೇ ಇಲ್ಲ. ನೆತ್ತಿಯ ಹತ್ತಿರ ದೋಣಿ ಕೆಸರಲ್ಲಿ ಕೂತವು. ಹೆಚ್ಚಿನ ಅಕ್ಕಿ ಸಮುದ್ರದ ಮೇಲೇ ಹೋಗಬೇಕಾಯ್ತು. 1391ರಲ್ಲಿ ಹಳದಿ ನದಿ ಉಕ್ಕಿ ಇದ್ದಬದ್ದ ಕಾಲುವೆಯನ್ನೂ ಹೂಳಲ್ಲಿ ಮುಚ್ಚಿತು.

1411ರಲ್ಲಿ ಮಿಂಗ್ ಚಕ್ರವರ್ತಿ ಯೋಂಗ್‌ಲೆ ಇದನ್ನ ಸರಿ ಮಾಡೋಕೆ ಸೊಂಗ್ ಲಿ ಅನ್ನೋ ಮಂತ್ರಿಯನ್ನ ಕಳಿಸಿದ. ಲಕ್ಷಗಟ್ಟಲೆ ಆಳು ಕೈಯಲ್ಲಿ, ನೀರಿಗೆ ಮಾತ್ರ ದಾರಿ ತೋಚಲಿಲ್ಲ. ದಾರಿ ತೋರಿಸಿದ್ದು ವೆನ್‌ಶಾಂಗ್ ಕಡೆಯ ಒಬ್ಬ ಹಳ್ಳಿ ಹಿರಿಯ, ಬಾಯ್ ಯಿಂಗ್. ಆತ ಹೇಳಿದ್ದಿಷ್ಟು: ನೆತ್ತಿ ಯಾವುದೋ ಅಲ್ಲಿಗೆ ನೀರು ತನ್ನಿ. ಅದಕ್ಕೆ ನೆತ್ತಿಗಿಂತ ಎತ್ತರದಲ್ಲಿ ಹಿಡೀಬೇಕು. ದಾಯ್‌ಸುನ್ ಹತ್ತಿರ ವೆನ್ ನದಿಗೆ ಒಡ್ಡು ಹಾಕಿ, ಅಲ್ಲಿಂದ ಬೇರೊಂದು ಕಾಲುವೆಯಲ್ಲಿ ನಾನ್‌ವಾಂಗ್‌ಗೆ ಇಳಿಸಿ.

ಹಾಗೇ ಮಾಡಿದರು. ಬಂದ ನೀರು ಕಾಲುವೆಯ ಆಚೆ ದಡದ ಕಲ್ಲುಗೋಡೆಗೆ ನೇರ ಬಡಿದು ಎರಡಾಗಿ ಸೀಳುತ್ತೆ: ಒಂದು ಪಾಲು ಬೀಜಿಂಗ್ ಕಡೆಗೆ, ಇನ್ನೊಂದು ಯಾಂಗ್‌ತ್ಸೆ ಕಡೆಗೆ. ದೂರದೂರಿನವರ ಗೆಳೆಯ ಹೇಳಿದ "ಎರಡೂ ಕಡೆಗೆ" ಇದೇ.

ಉತ್ತರಕ್ಕೆ ಲಿನ್‌ಚಿಂಗ್‌ವರೆಗೆ 90 ಅಡಿ ಇಳಿತ, 17 ಗೇಟು. ದಕ್ಷಿಣಕ್ಕೆ 116 ಅಡಿ ಇಳಿತ, 21 ಗೇಟು. ಅವರ ಅಡಿ ನಮ್ಮದಕ್ಕಿಂತ ಒಂದು ಚೂರು ದೊಡ್ಡದು, ಮೀಟರಿನಲ್ಲಿ ಸುಮಾರು 28 ಮತ್ತು 36 ಅನ್ಕೊಳ್ಳಿ. ಗೇಟು ಅಂದರೆ ಎರಡು ಕಡೆ ಕಲ್ಲುಕಟ್ಟಡ, ಅದರಲ್ಲಿ ಉದ್ದಕ್ಕೆ ಕೊರೆದ ತೋಡು, ಆ ತೋಡಿನೊಳಗೆ ಒಂದರ ಮೇಲೊಂದು ಇಳಿಸೋ ಮರದ ದಿಮ್ಮಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ 19ನೇ ಗೇಟು ಕೊಚ್ಚಿ ಹೋದಾಗ ಇಳಿಸಿದ ಸ್ಟಾಪ್‌ಲಾಗ್ ಟೀವೀಲಿ ನೋಡಿದ್ದೀರಲ್ಲ, ಅದೇ ತತ್ವ. ಅಲ್ಲಿ ಉಕ್ಕು, ಇಲ್ಲಿ ಮರ.

ಬೇಸಿಗೆಗೆ ಅಂತ ಪಕ್ಕದಲ್ಲೇ ಕೆರೆಗಳು. ಮಳೆಗಾಲದಲ್ಲಿ ತುಂಬಿಸಿ, ಬೇಕಾದಾಗ ಕಾಲುವೆಗೆ ಬಿಡೋದು. ಚೀನಿ ಭಾಷೆಯಲ್ಲಿ ಅವಕ್ಕೆ "ನೀರಿನ ಪೆಟ್ಟಿಗೆ" ಅನ್ನೋ ಹೆಸರು. ನಮ್ಮಲ್ಲಾಗಿದ್ರೆ ಕಣಜ ಅಂತಿದ್ವಿ.

ನಲವತ್ತು ವರ್ಷ ನಾಲೆ ಮೇಲೆ ಓಡಾಡಿದವನು ನಾನು. ಲೆವೆಲ್ ಯಂತ್ರ ಇಲ್ಲದೆ ಇಡೀ ಸೀಮೆಯಲ್ಲಿ ಎತ್ತರದ ಜಾಗ ಯಾವುದು ಅಂತ ಬೆರಳಿಟ್ಟು ತೋರಿಸಿದ ಆ ಮುದುಕನಿಗೆ ದೊಡ್ಡ ನಮಸ್ಕಾರ.

ನೀರುಗಂಟಿ_ಮೊಮ್ಮಗ:
ನಮ್ಮಜ್ಜನೂ ಹಾಗೇ ಸಾರ್. ಕೆರೆಯ ತೂಬು ಎತ್ತಿದ್ರೆ ಯಾವ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತೆ ಅಂತ ಬದುವಿನ ಮೇಲೆ ನಿಂತೇ ಹೇಳ್ತಿದ್ದ. ಸರ್ವೆ ಮಾಡೋಕೆ ಬಂದ ಹುಡುಗರು ಅವನನ್ನೇ ಕೇಳ್ತಿದ್ರು.

ಪಾಲು ಎಷ್ಟೆಷ್ಟು? "ಏಳು ಪಾಲು ಚಕ್ರವರ್ತಿಯ ದರ್ಶನಕ್ಕೆ, ಮೂರು ಪಾಲು ದಕ್ಷಿಣಕ್ಕೆ" ಅಂತ ಅಲ್ಲಿ ಗಾದೆ ಇದೆ ಅಂತ ಕೇಳಿದ್ದೆ.

ಹೈಸ್ಕೂಲ್_ಮೇಡಂ:
ಗಾದೆಯಲ್ಲಿ ಏಳು-ಮೂರು. ಮಿಂಗ್ ವಂಶದ ಅಧಿಕೃತ ಚರಿತ್ರೆಯಲ್ಲಿ ಉತ್ತರಕ್ಕೆ ಆರು, ದಕ್ಷಿಣಕ್ಕೆ ನಾಲ್ಕು ಅಂತಿದೆ. ನನಗೆ ಚರಿತ್ರೆಯ ಲೆಕ್ಕವೇ ಸರಿ ಅನ್ಸುತ್ತೆ. ಚಕ್ರವರ್ತಿಗೆ ಒಂದು ಪಾಲು ಹೆಚ್ಚಿಗೆ ಹೇಳೋದು ಗಾದೆಗೆ ಖರ್ಚಿಲ್ಲದ ಕೆಲಸ.

ನಿವೃತ್ತ_ಎಇಇ:
ಇಬ್ಬರದೂ ಸರಿ ಇರಬಹುದು. ಗೇಟು ಕೈಯಲ್ಲಿರೋವಾಗ ಪಾಲು ಕಲ್ಲಲ್ಲಿ ಕೊರೆದಿಟ್ಟದ್ದಲ್ಲ. ದಕ್ಷಿಣದ ಗೇಟು ಹಾಕಿದ್ರೆ ಅಷ್ಟೂ ನೀರು ಉತ್ತರಕ್ಕೆ, ಉತ್ತರದ್ದು ಹಾಕಿದ್ರೆ ಅಷ್ಟೂ ದಕ್ಷಿಣಕ್ಕೆ. ದೋಣಿ ಸಾಲು ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಗೆ.

ಹೂಳು:
ದೋಣಿ ಒಂದು ಗೇಟಿಂದ ಮೇಲಿನ ಗೇಟಿಗೆ ಹೇಗೆ ಹೋಗುತ್ತೆ ಅಂತ ಇನ್ನೂ ತಲೆಗೆ ಹೋಗಿಲ್ಲ. ಪನಾಮಾ ಕಾಲುವೆ ವಿಡಿಯೊ ನೋಡಿದ್ದೀನಿ, ಆ ಥರಾನಾ?

ನಿವೃತ್ತ_ಎಇಇ:
ಪನಾಮಾದ್ದು ಜೋಡಿ ಗೇಟಿನ ಲಾಕ್. ಅದರ ಮೂಲಪುರುಷ ಹುಟ್ಟಿದ್ದೂ ಇದೇ ಕಾಲುವೆ ಮೇಲೆ, 984ರಲ್ಲಿ, ಈಗಿನ ಹುವಾಯ್‌ಆನ್ ಸೀಮೆಯಲ್ಲಿ. ಯುರೋಪಿಗೆ ಅದು ಬಂದದ್ದು 14ನೇ ಶತಮಾನದಲ್ಲಿ.

ಅದಕ್ಕೂ ಮೊದಲು ಮಟ್ಟ ಬದಲಾಗೋ ಕಡೆ ಮಣ್ಣಿನ ಏರಿ ಇರ್ತಿತ್ತು. ದೋಣಿಯನ್ನ ಹಗ್ಗ ಕಟ್ಟಿ ಏರಿ ಮೇಲೆ ಎಳೆದು ಆಚೆ ಜಾರಿಸೋದು. ತುಂಬಿದ ದೋಣಿ ಎಳೆದರೆ ಮುರಿಯುತ್ತೆ, ಅದಕ್ಕೆ ಅಕ್ಕಿ ಇಳಿಸಬೇಕು, ಎಳೀಬೇಕು, ಮತ್ತೆ ತುಂಬಬೇಕು. ಈ ಇಳಿಸಿ ತುಂಬೋ ಗಡಿಬಿಡೀಲಿ ದೋಣಿ ಕಾಯೋರೇ ಅಕ್ಕಿ ಕದೀತಿದ್ರು. ಚಿಯಾವ್ ವೆಯ್‌ಯುವೆ ಅನ್ನೋ ಸಾಗಾಟದ ಅಧಿಕಾರಿ ಇದನ್ನ ನೋಡಿ ನೋಡಿ ಬೇಸತ್ತು ಎರಡು ತೂಗುಗೇಟು ಹಾಕಿಸಿದ, ಮಧ್ಯೆ 50 ಹೆಜ್ಜೆಗೂ ಹೆಚ್ಚು ಅಂತರ, ಮೇಲೆ ಮಾಡು. ದೋಣಿ ಒಳಗೆ ಬಂದ್ಮೇಲೆ ಹಿಂದಿನ ಗೇಟು ಮುಚ್ಚಿ ನೀರು ಏರಿಸೋದು ಇಲ್ಲ ಇಳಿಸೋದು. ದೋಣಿ ಅಲುಗದೆ ಮಟ್ಟ ಬದಲಾಯಿಸುತ್ತೆ. ಮೂಟೆ ಮುಟ್ಟೋ ಹಾಗೇ ಇಲ್ಲ.

ಆದರೆ ನಾನ್‌ವಾಂಗ್ ಕಡೆಯವು ಮಾತ್ರ ಒಂಟಿ ಗೇಟುಗಳು. ಗೇಟು ಮುಚ್ಚಿ ನೀರು ನಿಲ್ಲಿಸಿ, ಸಾಕಷ್ಟು ದೋಣಿ ಸೇರಿದ ಮೇಲೆ ದಿಮ್ಮಿ ಎತ್ತೋದು. ಇಳಿಯೋ ದೋಣಿ ನೀರಿನ ಜೊತೆ ನುಗ್ಗಿ ಹೋಗುತ್ತೆ. ಹತ್ತೋ ದೋಣಿಯನ್ನ ದಡದಿಂದ ಜನ ಹಗ್ಗ ಹಾಕಿ ಆ ಸೆಳವಿಗೆ ಎದುರಾಗಿ ಎಳೀಬೇಕು.

ಕೊನೇಭಾಗದ_ರೈತ:
ಅಂದ್ರೆ ಜಗತ್ತಿನ ಮೊದಲ ಲಾಕ್ ಹುಟ್ಟಿದ್ದು ಅಕ್ಕಿ ಕಳ್ಳರಿಂದ! ಮೂಟೆ ಎಲ್ಲಿ ಇಳಿಸ್ತಾರೋ ಅಲ್ಲಿ ಅಕ್ಕಿ ಸೋರುತ್ತೆ ಅನ್ನೋದು ಎಲ್ಲಾ ಕಾಲಕ್ಕೂ ಇದ್ದದ್ದೇ ಬಿಡಿ.

ಹೈಸ್ಕೂಲ್_ಮೇಡಂ:
ಸೋರಿಕೆ ತಡೆಯೋಕೆ ತಾಂಗ್ ಕಾಲದಲ್ಲೂ ಒಬ್ಬ ತಲೆ ಓಡಿಸಿದ್ದ. ಲಿಯು ಯಾನ್ ಅಂತ, 760ರ ದಶಕ. ಯಾಂಗ್‌ತ್ಸೆ ದೋಣಿ ಬಿಯಾನ್ ಕಾಲುವೆಗೆ (ತೋಂಗ್‌ಜಿಗೇ ಆಗಿನ ಹೆಸರು) ಬರೋ ಹಾಗಿಲ್ಲ, ಬಿಯಾನ್ ದೋಣಿ ಹಳದಿ ನದಿಗೆ ಬರೋ ಹಾಗಿಲ್ಲ, ಹಳದಿ ನದಿಯದ್ದು ವೆಯ್ ನದಿಗೆ ಹೋಗೋ ಹಾಗಿಲ್ಲ. ಆಯಾ ನೀರು ಬಲ್ಲ ಅಂಬಿಗರು ಆಯಾ ನೀರಿಗೆ, ಮಧ್ಯೆ ಮಧ್ಯೆ ಉಗ್ರಾಣ. ಸಡಿಲವಾಗಿ ಸುರಿಯೋ ಬದಲು ಅಕ್ಕಿಯನ್ನ ಚೀಲಕ್ಕೆ ತುಂಬಿಸಿದ.

ಮಿಂಗ್ ಕಾಲದಲ್ಲಿ ಇದೇ ದೊಡ್ಡ ಇಲಾಖೆ ಆಯ್ತು. 1472ರಿಂದ ವರ್ಷಕ್ಕೆ 40 ಲಕ್ಷ ಷಿ ಅಕ್ಕಿ ಅಂತ ನಿಗದಿ (ಒಂದು ಷಿ ಅಂದ್ರೆ ಸುಮಾರು 100 ಲೀಟರ್ ಅಳತೆ). ಸುಮಾರು 12,000 ದೋಣಿ, 1,20,000 ಸೈನಿಕರು. ಈ ಸೈನಿಕರಿಗೆ ಇಂತಿಷ್ಟು ಸ್ವಂತ ಸರಕು ತೆರಿಗೆ ಇಲ್ಲದೆ ಒಯ್ಯೋಕೆ ಅಪ್ಪಣೆ ಇತ್ತು. ಸಂಬಳ ಸಾಲದಿದ್ದಾಗ ಸರ್ಕಾರ ಕಂಡುಕೊಂಡ ಉಪಾಯ. ಅದರಿಂದಲೇ ಕಾಲುವೆ ದಡದ ಊರುಗಳು ಪೇಟೆಗಳಾದವು. ಲಿನ್‌ಚಿಂಗ್‌ನಲ್ಲಿ ಇನ್ನೊಂದು ಕಟ್ಟಳೆ: ಉತ್ತರಕ್ಕೆ ಹೋಗೋ ಅಕ್ಕಿ ದೋಣಿಗಳು ಅಲ್ಲಿನ ಇಟ್ಟಿಗೆಯನ್ನೂ ಹೇರಿಕೊಂಡು ಹೋಗಲೇಬೇಕು. ಒಂದೊಂದು ಇಟ್ಟಿಗೆ ಮೇಲೂ ವರ್ಷ, ಗೂಡು, ಸುಟ್ಟವನ ಹೆಸರಿನ ಮುದ್ರೆ. ಇಟ್ಟಿಗೆ ಕೆಟ್ಟರೆ ಯಾರನ್ನ ಹಿಡೀಬೇಕು ಅಂತ ಗೊತ್ತಾಗಲಿ ಅಂತ. ಬೀಜಿಂಗ್ ಅರಮನೆ ಆ ಇಟ್ಟಿಗೆಯದ್ದು.

ಕೊನೇಭಾಗದ_ರೈತ:
ನಾನು ಮೊದಲು ಕೇಳಿದ್ದಕ್ಕೇ ಬರ್ತೀನಿ. ಕಾಲುವೆ ಪಕ್ಕದಲ್ಲೇ ಹೊಲ ಇದ್ದವನ ಗತಿ ಏನು? ಕಣ್ಣೆದುರು ನೀರು ಹೋಗ್ತಿದ್ರೆ ಸುಮ್ನೆ ಕೂರ್ತಾನಾ?

ಹೈಸ್ಕೂಲ್_ಮೇಡಂ:
ಕೂರಲಿಲ್ಲ, ಒಡೆದರು. ಅದಕ್ಕೆ ಕಾನೂನು ಬಂತು. ನಾನ್‌ವಾಂಗ್ ಥರದ ಕೆರೆಗಳ ಏರಿಯನ್ನ ಬೇಕಂತ ಒಡೆದು ನೀರು ಕದ್ದವರಲ್ಲಿ ಮುಖ್ಯಸ್ಥನನ್ನ ಗಡಿಯ ಸೈನ್ಯಕ್ಕೆ ದೂಡೋದು. ಬೆಟ್ಟದ ಬುಡದ ಒರತೆಗಳೂ ಸರ್ಕಾರದ್ದು. ಅವನ್ನ ಕೆದಕಿ ಹೂಳೆತ್ತಿ ಕಾಲುವೆಗೆ ನೀರು ಸಾಗಿಸೋಕೆ ಅಂತಲೇ ಆಳುಗಳಿದ್ದರು. ಬರ ಬಂದ ವರ್ಷ ಮೊದಲು ದೋಣಿಗೆ ನೀರು, ಆಮೇಲೆ ಪೈರಿಗೆ.

ಕೊನೇಭಾಗದ_ರೈತ:
ಅಂದ್ರೆ ಅಲ್ಲಿ ಹೆಡ್ಡಿಂದ ಟೇಲ್‌ವರೆಗೆ ಎಲ್ಲರೂ ಕೊನೇಭಾಗದವರೇ.

ನಿವೃತ್ತ_ಎಇಇ:
ಇದಕ್ಕಿಂತ ದೊಡ್ಡ ಬೆಲೆ ಹುವಾಯ್ ಕಡೆ ಜನ ತೆತ್ತರು. ಅದನ್ನ ಹೇಳದೆ ಇಂಜಿನಿಯರಿಂಗ್ ಹೊಗಳಿ ಎದ್ದರೆ ತಪ್ಪಾಗುತ್ತೆ.

ಹಳದಿ ನದಿ 1194ರಲ್ಲಿ ದಕ್ಷಿಣಕ್ಕೆ ಹೊರಳಿ ಹುವಾಯ್ ನದಿಯ ಮುಖವನ್ನೇ ಕಿತ್ತುಕೊಂಡಿತು. ಅದರ ಮಣ್ಣು ಎಂಥದ್ದು ಅಂದ್ರೆ ಪಾತ್ರ ವರ್ಷ ವರ್ಷ ಏರುತ್ತೆ, ಏರಿ ಕಟ್ಟಿದಷ್ಟೂ ಏರುತ್ತೆ. ಕಾಲುವೆ ಇದನ್ನ ದಾಟಬೇಕಾದ ಜಾಗ ಪ್ರತಿವರ್ಷ ಹೂಳು. 16ನೇ ಶತಮಾನದ ಕೊನೆಗೆ ಪಾನ್ ಜಿಶುನ್ ಅನ್ನೋ ಅಧಿಕಾರಿ ಒಂದು ಉಪಾಯ ತಂದ. ಹೂಳನ್ನ ಆಳಿನ ಕೈಯಲ್ಲಿ ಎತ್ತಿಸಬೇಡಿ, ನೀರಿನ ಕೈಯಲ್ಲೇ ಎತ್ತಿಸಿ. ನದಿಯನ್ನ ಏರಿಗಳ ಮಧ್ಯೆ ಇರುಕಿಸಿದ್ರೆ ವೇಗ ಹೆಚ್ಚಿ ತನ್ನ ಮಣ್ಣನ್ನ ತಾನೇ ಕೊಚ್ಚಿಕೊಂಡು ಹೋಗುತ್ತೆ. ಅದಕ್ಕೆ ಹುವಾಯ್‌ನ ತಿಳಿನೀರಿನ ಒತ್ತಡವೂ ಬೇಕು. ಹೊಂಗ್‌ಝೆ ಸರೋವರದ ಕಟ್ಟೆ ಎತ್ತರಿಸಿ ಆ ನೀರು ನಿಲ್ಲಿಸಿದ.

ತತ್ವ ಸರಿ, ಇವತ್ತಿಗೂ ಪಾಠದಲ್ಲಿದೆ. ಆದರೆ ಕಟ್ಟೆ ಏರಿಸ್ತಾ ಹೋದಂತೆ ಸರೋವರ ಹಿಂದಕ್ಕೆ ಹರಡಿತು. 1680ರಲ್ಲಿ ಸಿಝೌ ಅನ್ನೋ ಇಡೀ ನಗರ ನೀರೊಳಗೆ ಹೋಯ್ತು. ಮಿಂಗ್ ಚಕ್ರವರ್ತಿಗಳು ತಮ್ಮ ಹಿರಿಯರಿಗೆ ಕಟ್ಟಿಸಿದ ಸಮಾಧಿಯೂ ಅದರ ಜೊತೆಗೇ. 1960ರ ದಶಕದಲ್ಲಿ ನೀರು ತಗ್ಗಿದಾಗ ಸಮಾಧಿ ದಾರಿಯ ಕಲ್ಲಿನ ಸಿಂಹ, ಕುದುರೆಗಳು ಕೆಸರಿಂದ ತಲೆ ಎತ್ತಿದವು. ಅಣೆಕಟ್ಟಿನ ಹಿನ್ನೀರಲ್ಲಿ ಬೇಸಿಗೆಗೆ ದೇವಸ್ಥಾನದ ಗೋಪುರ ಕಾಣೋದನ್ನ ನೋಡಿದವರಿಗೆ ಆ ಚಿತ್ರ ವಿವರಿಸಬೇಕಿಲ್ಲ.

ದೂರದೂರಿನವ:
ಸಾರ್, ಇಷ್ಟೆಲ್ಲ ಪಾಡುಪಟ್ಟ ಕಾಲುವೆ ಕೊನೆಗೆ ನಿಂತದ್ದು ಹೇಗೆ? ನಾನು ನೋಡಿದ ಕಡೆ ದೋಣಿ ಗಿಜಿಗುಡ್ತಿತ್ತು. ಉತ್ತರದಲ್ಲಿ ಒಣಗಿದೆ ಅಂತಾರೆ.

ಹೈಸ್ಕೂಲ್_ಮೇಡಂ:
1855ರಲ್ಲಿ ಹಳದಿ ನದಿ ಮತ್ತೆ ಉತ್ತರಕ್ಕೆ ಹೊರಳಿ ಶಾಂಡೊಂಗ್‌ನಲ್ಲಿ ಕಾಲುವೆಯನ್ನ ಕತ್ತರಿಸಿ ಹಾಕಿತು. ಆಗ ತೈಪಿಂಗ್ ದಂಗೆ ಬೇರೆ, ರಿಪೇರಿಗೆ ದುಡ್ಡೂ ಇಲ್ಲ. 1872ರ ನಂತರ ಉಗಿಹಡಗುಗಳು ಸಮುದ್ರದ ಮೇಲೆ ಅಕ್ಕಿ ಒಯ್ದವು, 1901ಕ್ಕೆ ಅಕ್ಕಿ ಕಂದಾಯದ ಸಾಗಾಟವನ್ನೇ ನಿಲ್ಲಿಸಿದರು, 1912ಕ್ಕೆ ತಿಯಾನ್‌ಜಿನ್‌ನಿಂದ ರೈಲು ಬಂತು. ಜಿನಿಂಗ್‌ನಿಂದ ದಕ್ಷಿಣಕ್ಕೆ ದೋಣಿ ಸಂಚಾರ ಇವತ್ತಿಗೂ ಜೋರಿದೆ, ಕಲ್ಲಿದ್ದಲು, ಮರಳು, ಸಿಮೆಂಟು. ನಾನ್‌ವಾಂಗ್ ಮಾತ್ರ ಈಗ ಉತ್ಖನನದ ಜಾಗ. ನೀರು ಬಡಿದು ಸೀಳ್ತಿದ್ದ ಕಲ್ಲುಗೋಡೆಯನ್ನ ಅಗೆದು ತೆಗೆದಿದ್ದಾರೆ. ಪಕ್ಕದಲ್ಲಿ ನಾಗರಾಜನ ಗುಡಿಯ ಅವಶೇಷ ಇದೆ. ಅಲ್ಲಿ ಮಂತ್ರಿ ಸೊಂಗ್ ಲಿಗೂ ಹಳ್ಳಿಯ ಬಾಯ್ ಯಿಂಗ್‌ಗೂ ಪೂಜೆ ಸಲ್ತಿತ್ತು.

ನಿವೃತ್ತ_ಎಇಇ:
ಒಂದು ಮಾತು ಸೇರಿಸ್ತೀನಿ. 2013ರಲ್ಲಿ ದಕ್ಷಿಣದ ನೀರನ್ನ ಉತ್ತರಕ್ಕೆ ಒಯ್ಯೋ ಯೋಜನೆಯ ಪೂರ್ವ ಮಾರ್ಗ ಶುರುವಾಯ್ತು. ಬಹುಪಾಲು ಇದೇ ಹಳೇ ಕಾಲುವೆಯ ದಾರಿ. ಗೂನು ಇನ್ನೂ ಅಲ್ಲೇ ಇದೆಯಲ್ಲ, ಅದಕ್ಕೆ ಯಾಂಗ್‌ತ್ಸೆಯಿಂದ ಡೊಂಗ್‌ಪಿಂಗ್ ಸರೋವರದವರೆಗೆ 13 ಹಂತದ ಪಂಪ್‌ಹೌಸು, ಒಟ್ಟು 65 ಮೀಟರ್ ಎತ್ತೋದು. ಅಲ್ಲಿಂದ ಹಳದಿ ನದಿಯ ಕೆಳಗೆ ಸುರಂಗ. 2022ರ ಏಪ್ರಿಲ್‌ನಲ್ಲಿ ಬೇರೆ ಬೇರೆ ಕಡೆಯಿಂದ ನೀರು ಬಿಟ್ಟು ಬೀಜಿಂಗ್‌ನಿಂದ ಹಾಂಗ್‌ಝೌವರೆಗೆ ಇಡೀ ಕಾಲುವೆ ನೂರು ವರ್ಷದಲ್ಲಿ ಮೊದಲ ಸಲ ತುಂಬಿತು. ಅಂದ ಹಾಗೆ @ಹೂಳು, ನಿಮ್ಮ ಪ್ರಶ್ನೆಗೆ ಉತ್ತರ ತಿದ್ದಿಕೊಳ್ತೀನಿ. ಈಗ ನೀರು ಗುಡ್ಡ ಹತ್ತುತ್ತೆ.

ಹೂಳು:
ನಾನು ಪೆದ್ದ ಪ್ರಶ್ನೆ ಕೇಳಿದೆ ಅನ್ಕೊಂಡಿದ್ದೆ!

ಕೊನೇಭಾಗದ_ರೈತ:
ಹದಿಮೂರು ಪಂಪ್‌ಹೌಸು! ಆ ಬಾಯ್ ಯಿಂಗ್ ತಾತ ಒಂದು ಯೂನಿಟ್ ಕರೆಂಟ್ ಇಲ್ಲದೆ ನೆತ್ತಿಗೆ ನೀರು ತಂದಿದ್ದ. ಈಗ ಬಿಲ್ ಯಾರು ಕಟ್ತಾರೆ ಅಂತ ಗೊತ್ತಿದ್ರೆ ಯಾರಾದ್ರೂ ಬರೀರಿ, ನಾಳೆ ಓದ್ತೀನಿ. ನಮ್ಮ ತೂಬಿಗೆ ಬೆಳಗಿನ ಜಾವ ನಾಲ್ಕಕ್ಕೆ ಸರದಿ, ತಪ್ಪಿದ್ರೆ ಮತ್ತೆ ಎಂಟು ದಿನ ಕಾಯಬೇಕು.